ಲಸಿಕೆ ಇದೆ, ಮಾಹಿತಿ ಇದೆ, ಆದರೂ ದಡಾರ ಯಾಕೆ ಮರಳಿತು?

ಕೆನಡಾ 1998ರಲ್ಲೇ ದಡಾರವನ್ನು ದೇಶದಿಂದ ಓಡಿಸಿತ್ತು. ಹೊರದೇಶಕ್ಕೆ ಹೋಗಿ ಬಂದವರಿಂದ ಆಗೊಮ್ಮೆ ಈಗೊಮ್ಮೆ ರೋಗ ಕಾಣಿಸಿಕೊಳ್ಳುತ್ತಿತ್ತು, ಆದರೆ ಅಲ್ಲೇ ನೆಲೆಯೂರಿ ಹರಡುತ್ತಿರಲಿಲ್ಲ. 2025ರ ನವೆಂಬರ್‌ನಲ್ಲಿ ‘ದಡಾರಮುಕ್ತ ದೇಶ’ ಎಂಬ ಆ ಮಾನ್ಯತೆ ಕೈತಪ್ಪಿತು. ಒಂದೇ ತಳಿಯ ವೈರಸ್ 12 ತಿಂಗಳಿಗೂ ಜಾಸ್ತಿ ಕಾಲ ದೇಶದೊಳಗೆ ಸುತ್ತುತ್ತಲೇ ಇತ್ತು. 5 ಸಾವಿರಕ್ಕೂ ಹೆಚ್ಚು ಜನರಿಗೆ ರೋಗ ತಗುಲಿತು. ಪಕ್ಕದ ಅಮೆರಿಕದಲ್ಲೂ ಅದೇ ವರ್ಷ 1992ರ ನಂತರದ ಅತಿ ಹೆಚ್ಚು ದಡಾರ ಪ್ರಕರಣಗಳು ದಾಖಲಾದವು.

ಈ ಸುದ್ದಿ ಓದಿದ ಯಾರಿಗಾದರೂ ಗೊಂದಲ ಆಗುತ್ತದೆ. ಕೆನಡಾದಲ್ಲಿ ಈ ಲಸಿಕೆಗೆ ದುಡ್ಡು ಕೊಡಬೇಕಾಗಿಲ್ಲ. ಎರಡು ಡೋಸ್ ಹಾಕಿಸಿದರೆ ಸುಮಾರು ಶೇ 97ರಷ್ಟು ರಕ್ಷಣೆ ಸಿಗುತ್ತದೆ. ಜನ ಓದಿದವರು, ಆಸ್ಪತ್ರೆಗಳಿವೆ, ಫೋನ್ ತೆಗೆದರೆ ಮಾಹಿತಿ ಸಿಗುತ್ತದೆ. ಆದರೂ ರೋಗ ಬಂದವರಲ್ಲಿ ಬಹುಪಾಲು ಜನ ಲಸಿಕೆ ಹಾಕಿಸಿಕೊಳ್ಳದವರು. ಕೋವಿಡ್ ಕಾಲದಲ್ಲಿ ತಪ್ಪಿದ ಡೋಸ್‌ಗಳು, ವೈದ್ಯರು ಸುಲಭಕ್ಕೆ ಸಿಗದಿರುವುದು, ಇಂಥ ಕಾರಣಗಳೂ ಇವೆ ನಿಜ. ಆದರೆ ಗೊತ್ತಿದ್ದೂ ಬೇಡ ಎಂದ ತಂದೆ-ತಾಯಿಯರನ್ನು ಈ ಕಾರಣಗಳು ವಿವರಿಸುವುದಿಲ್ಲ. ‘ಅವರಿಗೆ ಬುದ್ಧಿ ಇಲ್ಲ’ ಎಂದುಬಿಡುವುದು ಸುಲಭ. ಅದು ತಪ್ಪು ಉತ್ತರ ಮಾತ್ರವಲ್ಲ, ಸಮಸ್ಯೆಯನ್ನು ಇನ್ನಷ್ಟು ಕೆಡಿಸುವ ಉತ್ತರ.

ನಂಬಿಕೆಗಳೆಲ್ಲ ಒಂದೇ ತೂಕದವಲ್ಲ

ಅಮೆರಿಕದ ಮನಶ್ಶಾಸ್ತ್ರಜ್ಞ ಮಿಲ್ಟನ್ ರೋಕೀಚ್ 1950-60ರ ದಶಕಗಳಲ್ಲಿ ಒಂದು ಸರಳ ಪ್ರಶ್ನೆ ಇಟ್ಟುಕೊಂಡು ಹೊರಟರು. ಕೆಲವು ನಂಬಿಕೆಗಳನ್ನು ನಾವು ಸುಮ್ನೆ ಬದಲಿಸಿಬಿಡುತ್ತೇವೆ, ಕೆಲವಕ್ಕೆ ಮಾತ್ರ ಪ್ರಾಣ ಹೋದರೂ ಅಂಟಿಕೊಳ್ಳುತ್ತೇವೆ. ಯಾಕೆ? ಅವರ ಉತ್ತರ ಹೀಗಿತ್ತು: ನಂಬಿಕೆಗಳು ಪದರ ಪದರವಾಗಿರುತ್ತವೆ.

ಎಲ್ಲಕ್ಕಿಂತ ಒಳಗೆ ಇರುವುದು ಯಾರೂ ಪ್ರಶ್ನೆ ಮಾಡದ ನಂಬಿಕೆಗಳು. ಇವಳು ನನ್ನ ತಾಯಿ, ಇದು ನನ್ನ ಹೆಸರು, ಎದುರಿಗೆ ಇರುವುದು ಮೇಜು. ಅದಕ್ಕೆ ತಾಗಿಕೊಂಡೇ ನಮ್ಮ ಬಗ್ಗೆ ನಾವೇ ಒಳಗೆ ಇಟ್ಟುಕೊಂಡ ನಂಬಿಕೆಗಳಿವೆ. ನಾನು ಯಾರಿಗೂ ಬೇಡದವನು, ಅಥವಾ ನಾನು ಏನು ಬೇಕಾದರೂ ಸಾಧಿಸಬಲ್ಲೆ. ಬೇರೆಯವರು ಎಷ್ಟೇ ಹೇಳಿದರೂ ಇವು ಅಲ್ಲಾಡುವುದಿಲ್ಲ. ಮೂರನೇ ಪದರ, ಯಾರ ಮಾತನ್ನು ನಂಬಬೇಕು ಎನ್ನುವುದು. ವೈದ್ಯರನ್ನೋ, ಧರ್ಮಗುರುವನ್ನೋ, ಸರ್ಕಾರವನ್ನೋ, ಅಣ್ಣನನ್ನೋ? ನಾಲ್ಕನೇ ಪದರದಲ್ಲಿ ಇರುವುದು ಆ ನಂಬಿಕಸ್ಥರಿಂದ ಬಂದ ನಂಬಿಕೆಗಳು. ಕೊನೆಯದು ರುಚಿ, ಇಷ್ಟಾನಿಷ್ಟದ ವಿಷಯ. ಅವು ಬದಲಾದರೆ ಬೇರೆ ಯಾವುದೂ ಕದಲುವುದಿಲ್ಲ.

ಒಂದು ನಂಬಿಕೆಗೆ ಎಷ್ಟು ಬೇರೆ ನಂಬಿಕೆಗಳು ಆತುಕೊಂಡಿವೆಯೋ ಅದು ಅಷ್ಟು ನಡುವಿನದು, ಅಂದರೆ ಅಷ್ಟು ಒಳಗಿನದು. ಕಿಟಕಿ ತೆಗೆದು ಹೊಸದು ಹಾಕಿದರೆ ಮನೆ ಹಾಗೇ ನಿಂತಿರುತ್ತದೆ, ಕಂಬಕ್ಕೆ ಕೈ ಹಾಕಿದರೆ ಮೇಲಿನ ಅಂತಸ್ತೂ ನಡುಗುತ್ತದೆ. ಆದ್ದರಿಂದಲೇ ನಡುವಿನ ನಂಬಿಕೆ ಸುಲಭಕ್ಕೆ ಬದಲಾಗುವುದಿಲ್ಲ. ಬದಲಾದರೆ ಮಾತ್ರ ಅದರ ಜೊತೆಗೆ ಹತ್ತಾರು ಬದಲಾಗುತ್ತವೆ.

ಈಗ ದಡಾರಕ್ಕೆ ಬರೋಣ. ‘ಈ ಲಸಿಕೆ ಒಳ್ಳೆಯದು’ ಅಥವಾ ‘ಕೆಟ್ಟದ್ದು’ ಎನ್ನುವುದು ನಾಲ್ಕನೇ ಪದರದ ಮಾತು. ನಮ್ಮಲ್ಲಿ ಯಾರೂ ವೈರಸ್ಸನ್ನು ಕಣ್ಣಾರೆ ನೋಡಿ, ಪ್ರಯೋಗ ಮಾಡಿ, ಲಸಿಕೆಯನ್ನು ಒಪ್ಪಿಕೊಂಡವರಲ್ಲ. ಹೇಳಿದವರನ್ನು ನಂಬಿದ್ದೇವೆ, ಅಷ್ಟೇ. ಹಾಕಿಸಿಕೊಂಡವರೂ ಹಾಗೆಯೇ, ಬೇಡ ಎಂದವರೂ ಹಾಗೆಯೇ. ವ್ಯತ್ಯಾಸ ಇರುವುದು ಮೂರನೇ ಪದರದಲ್ಲಿ. ಆದರೆ ಆರೋಗ್ಯ ಪ್ರಚಾರಗಳು ವಾದ ಮಾಡುವುದು ನಾಲ್ಕನೆಯದರ ಮೇಲೆ. ಗೊಂದಲದ ಬೇರು ಇಲ್ಲೇ ಇದೆ.

ಸತ್ಯ ಹೇಳಿದರೆ ಸಾಲದೇ?

ಈ ವಿಷಯದಲ್ಲಿ ಸಂಶೋಧಕರ ನಡುವೆಯೇ ಜಗಳ ಇದೆ. 2010ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಸತ್ಯ ತೋರಿಸಿದರೆ ಕೆಲವರು ತಮ್ಮ ತಪ್ಪು ನಂಬಿಕೆಯನ್ನೇ ಇನ್ನೂ ಬಿಗಿಯಾಗಿ ಹಿಡಿಯುತ್ತಾರೆ ಎಂದಿತು. ಆ ಮಾತು ಎಲ್ಲೆಡೆ ಹರಡಿತು. ‘ಜನರಿಗೆ ಸತ್ಯ ಹೇಳಿ ಪ್ರಯೋಜನವಿಲ್ಲ’ ಎನ್ನುವುದು ಫ್ಯಾಷನ್ ಆಯಿತು. 2019ರಲ್ಲಿ ಇನ್ನಿಬ್ಬರು ಸಂಶೋಧಕರು 10 ಸಾವಿರಕ್ಕೂ ಹೆಚ್ಚು ಜನರ ಮೇಲೆ 52 ವಿಷಯಗಳಲ್ಲಿ ಇದನ್ನು ಪರೀಕ್ಷಿಸಿದರು. ಹಾಗೆ ಉಲ್ಟಾ ಹೊಡೆಯುವುದು ಹೆಚ್ಚೂಕಮ್ಮಿ ಕಾಣಿಸಲೇ ಇಲ್ಲ. ಸರಿಯಾದ ಮಾಹಿತಿ ಕೊಟ್ಟಾಗ ಜನ ಸಾಮಾನ್ಯವಾಗಿ ಸತ್ಯದ ಕಡೆಗೇ ಸ್ವಲ್ಪ ವಾಲಿದರು.

ಹಾಗಾದರೆ ಸಮಸ್ಯೆ ಬಗೆಹರಿಯಿತು ಅಲ್ವಾ? ಇಲ್ಲ. 2014ರ ಇನ್ನೊಂದು ಅಧ್ಯಯನವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. 1998ರಲ್ಲಿ ಬ್ರಿಟನ್ನಿನ ವೈದ್ಯರೊಬ್ಬರು ಬರೀ 12 ಮಕ್ಕಳ ವಿವರ ಇಟ್ಟುಕೊಂಡು, ದಡಾರದ ಲಸಿಕೆಗೂ ಆಟಿಸಂಗೂ ನಂಟಿರಬಹುದು ಎಂದು ಸೂಚಿಸುವ ಲೇಖನ ಪ್ರಕಟಿಸಿದ್ದರು. ಮುಂದೆ ಎಷ್ಟೋ ದೊಡ್ಡ ಅಧ್ಯಯನಗಳಲ್ಲಿ ಅಂಥ ನಂಟು ಸಿಗಲಿಲ್ಲ, 2010ರಲ್ಲಿ ಆ ಲೇಖನವನ್ನೇ ಪತ್ರಿಕೆ ಹಿಂದಕ್ಕೆ ಪಡೆಯಿತು. 2014ರ ಸಂಶೋಧಕರು ಅಮೆರಿಕದ ತಂದೆ-ತಾಯಿಯರಿಗೆ ಈ ಸತ್ಯವನ್ನು ತಿಳಿಸಿದರು. ಓದಿದವರು ಒಪ್ಪಿಕೊಂಡರು: ಲಸಿಕೆಯಿಂದ ಆಟಿಸಂ ಬರುತ್ತದೆ ಎಂಬ ತಪ್ಪು ತಿಳಿವಳಿಕೆ ಕಡಿಮೆಯಾಯಿತು. ಆದರೆ ಲಸಿಕೆಯ ಬಗ್ಗೆ ಮೊದಲೇ ಅನುಮಾನ ಇದ್ದವರು, ಮುಂದಿನ ಮಗುವಿಗೆ ಹಾಕಿಸುತ್ತೀರಾ ಎಂದು ಕೇಳಿದಾಗ, ಈ ಮಾಹಿತಿ ಸಿಗದ ಅಂಥವರಿಗಿಂತಲೂ ಹೆಚ್ಚು ಹಿಂಜರಿದರು.

ಅಂದರೆ ಮಾಹಿತಿ ತನ್ನ ಕೆಲಸ ಮಾಡಿತು, ನಾಲ್ಕನೇ ಪದರದ ಒಂದು ತುಣುಕು ಸರಿಹೋಯಿತು. ನಿರ್ಧಾರ ಮಾತ್ರ ಅದಕ್ಕಿಂತ ಒಳಗಿನ ಪದರದಿಂದ ಬರುತ್ತಿತ್ತು, ಅದು ಹಾಗೇ ಉಳಿಯಿತು. ಆಟಿಸಂ ಕಾರಣ ಹೋದರೆ ಇನ್ನೊಂದು ಕಾರಣ ಸಿಗುತ್ತದೆ. ಅನುಮಾನ ಮೊದಲು ಬಂದಿರುತ್ತದೆ, ಕಾರಣಗಳು ಅದರ ಹಿಂದೆ ಬರುತ್ತವೆ.

ಓದು ಇದಕ್ಕೆ ಮದ್ದಲ್ಲ. 2012ರಲ್ಲಿ ಅಮೆರಿಕದಲ್ಲಿ ಹವಾಮಾನ ಬದಲಾವಣೆಯ ಅಪಾಯದ ಬಗ್ಗೆ ನಡೆದ ಅಧ್ಯಯನದಲ್ಲಿ, ವಿಜ್ಞಾನ ಮತ್ತು ಲೆಕ್ಕ ಚೆನ್ನಾಗಿ ಗೊತ್ತಿದ್ದವರ ನಡುವೆಯೇ ಭಿನ್ನಾಭಿಪ್ರಾಯ ಎಲ್ಲರಿಗಿಂತ ಜಾಸ್ತಿ ಕಂಡಿತು. ಜಾಣತನ ಇದ್ದವರು ಅದನ್ನು ತಮ್ಮ ಗುಂಪು ಹೇಳುವುದನ್ನು ಸಮರ್ಥಿಸಲು ಬಳಸುತ್ತಾರೆ ಎಂದು ಸಂಶೋಧಕರು ವಿವರಿಸಿದರು. ಇದರಲ್ಲಿ ಒಂದು ತರ್ಕವೂ ಇದೆ. ಹವಾಮಾನದ ಬಗ್ಗೆ ಒಬ್ಬನ ಅಭಿಪ್ರಾಯ ತಪ್ಪಾದರೆ ಭೂಮಿಗೆ ಏನೂ ಆಗುವುದಿಲ್ಲ. ತನ್ನ ಜನರ ಜೊತೆ ಆ ವಿಷಯದಲ್ಲಿ ಕಿತ್ತಾಡಿಕೊಂಡರೆ ಅವನ ದಿನನಿತ್ಯದ ಬದುಕೇ ಕೆಡುತ್ತದೆ.

ಮಿಷಿಗನ್‌ನ ಮೂವರು

ನಡುವಿನ ನಂಬಿಕೆಗೆ ಪೆಟ್ಟು ಬಿದ್ದಾಗ ಮನಸ್ಸು ಏನು ಮಾಡುತ್ತದೆ? ಇದನ್ನು ರೋಕೀಚ್ 1959ರಲ್ಲಿ ಮಿಷಿಗನ್ ರಾಜ್ಯದ ಇಪ್ಸಿಲಾಂಟಿ ಮಾನಸಿಕ ಆಸ್ಪತ್ರೆಯಲ್ಲಿ ನೋಡಲು ಹೋದರು. ಮೂವರು ರೋಗಿಗಳು, ಮೂವರೂ ತಾವೇ ಯೇಸುಕ್ರಿಸ್ತ ಎಂದು ನಂಬಿದವರು. ಅವರನ್ನು ಒಂದೇ ವಾರ್ಡಿನಲ್ಲಿ ಇಟ್ಟು, ಪ್ರತಿದಿನ ಎದುರಾಬದುರು ಕೂರಿಸಿ ಮಾತನಾಡಿಸಿದರು. ಇಬ್ಬರು ಕ್ರಿಸ್ತರು ಇರಲು ಸಾಧ್ಯವಿಲ್ಲ, ಹಾಗಾಗಿ ಯಾರಾದರೊಬ್ಬರು ನಂಬಿಕೆ ಬಿಡಲೇಬೇಕು ಎನ್ನುವುದು ಲೆಕ್ಕಾಚಾರ.

ಎರಡು ವರ್ಷ ಕಳೆಯಿತು. ಯಾರೂ ಬಿಡಲಿಲ್ಲ. ಪ್ರತಿಯೊಬ್ಬರೂ ಉಳಿದಿಬ್ಬರ ಬಗ್ಗೆ ಒಂದೊಂದು ವಿವರಣೆ ಕಟ್ಟಿಕೊಂಡರು. ಅವರಿಗೆ ಹುಚ್ಚು, ಅದಕ್ಕೇ ಹಾಗೆ ಹೇಳುತ್ತಾರೆ ಎಂದು ಒಬ್ಬರು. ಇನ್ನೊಬ್ಬರ ಪ್ರಕಾರ ಆ ಇಬ್ಬರು ಬದುಕಿಯೇ ಇಲ್ಲ, ಅವರೊಳಗಿನ ಯಂತ್ರಗಳು ಮಾತನಾಡುತ್ತಿವೆ. ಇವರು ಕಾಯಿಲೆಯವರು, ಇವರನ್ನು ನೋಡಿ ಎಲ್ಲರ ಬಗ್ಗೆ ತೀರ್ಪು ಕೊಡಬಾರದು. ಆದರೆ ಬಿಡಲಾಗದ ನಂಬಿಕೆ ಉಳಿಯಬೇಕಾದರೆ ಅದರ ಸುತ್ತಲಿನ ಲೋಕವೇ ತಿರುಚಿಕೊಳ್ಳುತ್ತದೆ ಎನ್ನುವುದು ಇಲ್ಲಿ ಇದ್ದಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣುವುದು ಕಷ್ಟ.

ಈ ಪ್ರಯೋಗ ಕ್ರೂರವಾಗಿತ್ತು. ನಕಲಿ ಪತ್ರಗಳನ್ನು ಕಳಿಸಿ ಆ ರೋಗಿಗಳನ್ನು ಅಲುಗಿಸಲು ನೋಡಿದ್ದರು. ಅವರ ಬದುಕಿನಲ್ಲಿ ಹೀಗೆ ದೇವರಂತೆ ಕೈಯಾಡಿಸುವ ಹಕ್ಕು ತನಗಿರಲಿಲ್ಲ ಎಂದು ರೋಕೀಚ್ ಎರಡು ದಶಕಗಳ ನಂತರ ಬರೆದುಕೊಂಡರು. ಆ ಮಾತು ಈಗಲೂ ಮುಖ್ಯ. ಎದುರಾಬದುರು ಕೂರಿಸಿ ಸೋಲಿಸುವ ದಾರಿ ಅಲ್ಲೂ ಕೆಲಸ ಮಾಡಲಿಲ್ಲ, ಟಿವಿ ಚರ್ಚೆಗಳಲ್ಲೂ ಮಾಡುತ್ತಿಲ್ಲ.

ಈ ನಂಬಿಕೆಗಳು ಬರುವುದು ಎಲ್ಲಿಂದ?

ಒಬ್ಬರ ನಂಬಿಕೆ ಬಾಲ್ಯದಿಂದ ಬರಬಹುದು. ಇಡೀ ಸಮಾಜಕ್ಕೆ ಒಂದು ನಂಬಿಕೆ ಹೇಗೆ ಬರುತ್ತದೆ? ‘ಸಾಮಾನ್ಯವಾಗಿ ಜನರನ್ನು ನಂಬಬಹುದೇ?’ ಎಂಬ ಒಂದು ಪ್ರಶ್ನೆಯನ್ನು ಜಗತ್ತಿನ ಬೇರೆ ಬೇರೆ ದೇಶಗಳಲ್ಲಿ ದಶಕಗಳಿಂದ ಕೇಳುತ್ತಿದ್ದಾರೆ. ನಾರ್ವೆ, ಡೆನ್ಮಾರ್ಕ್‌ಗಳಲ್ಲಿ ಹೆಚ್ಚಿನವರು ಹೌದು ಎನ್ನುತ್ತಾರೆ. ಬ್ರೆಜಿಲ್, ಕೊಲಂಬಿಯಾಗಳಲ್ಲಿ ಹೌದು ಎನ್ನುವವರು ನೂರಕ್ಕೆ 10 ಮಂದಿಯೂ ಇಲ್ಲ. ಅಲ್ಲಿನವರ ಗುಣವೇ ಹಾಗೆ ಎನ್ನುವುದು ವಿವರಣೆಯಾಗುವುದಿಲ್ಲ.

ಆಫ್ರಿಕಾದ ಒಂದು ಉದಾಹರಣೆ ಕಣ್ಣು ತೆರೆಸುತ್ತದೆ. ಅರ್ಥಶಾಸ್ತ್ರಜ್ಞರಾದ ನೇಥನ್ ನನ್ ಮತ್ತು ಲಿಯೊನಾರ್ಡ್ ವಾಂಚೆಕಾನ್ 2011ರಲ್ಲಿ ಗುಲಾಮರ ವ್ಯಾಪಾರದ ದಾಖಲೆಗಳನ್ನೂ ಇಂದಿನ ಜನರ ಸಮೀಕ್ಷೆಗಳನ್ನೂ ಜೋಡಿಸಿ ನೋಡಿದರು. ಯಾವ ಸಮುದಾಯಗಳಿಂದ ಜಾಸ್ತಿ ಜನರನ್ನು ಹಿಡಿದು ಮಾರಲಾಗಿತ್ತೋ, ಅವರ ವಂಶಸ್ಥರು ಇಂದಿಗೂ ಸಂಬಂಧಿಕರನ್ನು, ನೆರೆಯವರನ್ನು, ಸ್ಥಳೀಯ ಆಡಳಿತವನ್ನು ಕಡಿಮೆ ನಂಬುತ್ತಾರೆ. ಆ ಕಾಲದಲ್ಲಿ ಹೊರಗಿನವರು ದಾಳಿ ಮಾಡಿ ಹಿಡಿಯುತ್ತಿದ್ದುದಷ್ಟೇ ಅಲ್ಲ, ಪರಿಚಯದವರೇ, ನಂಟರೇ ಮೋಸ ಮಾಡಿ ಮಾರಿದ್ದೂ ಇತ್ತು. ಯಾರನ್ನೂ ನಂಬದವನು ಬದುಕಿ ಉಳಿದ. ಉಳಿದವನು ಮಕ್ಕಳಿಗೆ ಅದನ್ನೇ ಹೇಳಿಕೊಟ್ಟ. ವ್ಯಾಪಾರ ನಿಂತು ನೂರು ವರ್ಷ ದಾಟಿದರೂ ಪಾಠ ನಿಲ್ಲಲಿಲ್ಲ.

ನೇಗಿಲಿನ ಕಥೆಯೂ ಇದೇ ಬಗೆಯದು. ನೇಗಿಲು ಹೊಡೆಯಲು ತೋಳಿನ ಬಲ ಬೇಕು, ಗುದ್ದಲಿ ಬೇಸಾಯಕ್ಕೆ ಅಷ್ಟು ಬೇಡ. ಹಾಗಾಗಿ ನೇಗಿಲು ಬಂದ ಕಡೆ ಹೊಲ ಗಂಡಸಿನದಾಯಿತು, ಮನೆ ಹೆಂಗಸಿನದಾಯಿತು ಎಂಬ ವಾದವನ್ನು 1970ರಲ್ಲಿ ಡೆನ್ಮಾರ್ಕ್‌ನ ಅರ್ಥಶಾಸ್ತ್ರಜ್ಞೆ ಎಸ್ತರ್ ಬೋಸರಪ್ ಮುಂದಿಟ್ಟರು. 2013ರಲ್ಲಿ ಅದನ್ನು ಅಂಕಿಅಂಶಗಳ ಮೇಲೆ ಪರೀಕ್ಷಿಸಿದಾಗ, ಹಿಂದೆ ನೇಗಿಲು ಬಳಸಿದ ಸಮಾಜಗಳಲ್ಲಿ ಇಂದಿಗೂ ಹೊರಗೆ ದುಡಿಯುವ ಹೆಂಗಸರು ಕಡಿಮೆ ಎಂದು ಕಂಡಿತು. ಅಂಥ ದೇಶಗಳಿಂದ ವಲಸೆ ಹೋದವರ ಮಕ್ಕಳಲ್ಲೂ ಇದರ ಗುರುತು ಉಳಿದಿತ್ತು. ಆ ಮಕ್ಕಳು ನೇಗಿಲನ್ನೇ ಮುಟ್ಟಿದವರಲ್ಲ.

ನಂಬಿಕೆ ಮೊದಲೋ, ಬದುಕು ಮೊದಲೋ?

ಇಲ್ಲಿಂದ ಒಂದು ಹಳೆಯ ಚರ್ಚೆ ಶುರುವಾಗುತ್ತದೆ. ಜನರ ಆಲೋಚನೆ ಅವರ ಬದುಕನ್ನು ನಿರ್ಧರಿಸುವುದಿಲ್ಲ, ಬದುಕುವ ರೀತಿಯೇ ಆಲೋಚನೆಯನ್ನು ನಿರ್ಧರಿಸುತ್ತದೆ ಎಂದು ಕಾರ್ಲ್ ಮಾರ್ಕ್ಸ್ 1859ರಲ್ಲಿ ಬರೆದರು. ಸುಮಾರು ಅರ್ಧ ಶತಮಾನದ ನಂತರ ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೆಬರ್ ಬೇರೆ ಕಡೆಯಿಂದ ಬಂದರು. ದುಡಿಮೆಯೇ ದೈವದ ಕರೆ ಎಂಬ ಪ್ರೊಟೆಸ್ಟೆಂಟ್ ಮನೋಭಾವ ಬಂಡವಾಳಶಾಹಿ ಬೆಳೆಯಲು ನೆಲ ಹದ ಮಾಡಿತು ಎಂದರು.

2009ರಲ್ಲಿ ಇಬ್ಬರು ಜರ್ಮನ್ ಅರ್ಥಶಾಸ್ತ್ರಜ್ಞರು 19ನೇ ಶತಮಾನದ ಜರ್ಮನ್ ರಾಜ್ಯ ಪ್ರಷ್ಯಾದ ಲೆಕ್ಕಗಳನ್ನು ತೆಗೆದು ನೋಡಿದರು. ಪ್ರೊಟೆಸ್ಟೆಂಟ್ ಪ್ರದೇಶಗಳು ಮುಂದಿದ್ದುದು ನಿಜ. ಆದರೆ ಅದಕ್ಕೆ ದುಡಿಮೆಯ ಮನೋಭಾವಕ್ಕಿಂತ ಓದು-ಬರಹ ದೊಡ್ಡ ಕಾರಣವಾಗಿ ಕಂಡಿತು. ಪ್ರತಿಯೊಬ್ಬರೂ ಬೈಬಲನ್ನು ತಾವೇ ಓದಬೇಕು ಎಂದು ಪ್ರೊಟೆಸ್ಟೆಂಟ್ ಪಂಥಕ್ಕೆ ನಾಂದಿ ಹಾಡಿದ ಮಾರ್ಟಿನ್ ಲೂಥರ್ ಹೇಳಿದ್ದರು. ಅದಕ್ಕಾಗಿ ಶಾಲೆಗಳು ಬಂದವು. ಓದಲು ಕಲಿತವರು ಬೈಬಲ್ ಒಂದನ್ನೇ ಓದಲಿಲ್ಲ, ಲೆಕ್ಕಪತ್ರವನ್ನೂ ಓದಿದರು. ನಂಬಿಕೆ ಶಾಲೆಯಾಯಿತು, ಶಾಲೆ ಸಂಪತ್ತಾಯಿತು. ನಂಬಿಕೆಯ ಪರಿಣಾಮ ನಂಬಿದವರು ಊಹಿಸಿದ ಕಡೆಗೇ ಹೋಗಬೇಕೆಂದಿಲ್ಲ.

ಹಾಗಾಗಿ ಮಾರ್ಕ್ಸ್ ಸರಿಯೋ ವೆಬರ್ ಸರಿಯೋ ಎಂದು ಒಬ್ಬರನ್ನು ಆರಿಸುವ ಅಗತ್ಯ ಕಾಣುವುದಿಲ್ಲ. ಸನ್ನಿವೇಶದಿಂದ ನಂಬಿಕೆ ಹುಟ್ಟುತ್ತದೆ. ಸನ್ನಿವೇಶ ಹೋದ ಮೇಲೂ ನಂಬಿಕೆ ಉಳಿದು, ಮುಂದಿನ ಸನ್ನಿವೇಶವನ್ನು ತಾನೇ ರೂಪಿಸುತ್ತದೆ. ಎರಡು ಜರ್ಮನಿಗಳು 1990ರಲ್ಲಿ ಒಂದಾದವು. ಎಲ್ಲವನ್ನೂ ಸರ್ಕಾರವೇ ನೋಡಿಕೊಳ್ಳಬೇಕು ಎಂಬ ನಿರೀಕ್ಷೆ, ಕಮ್ಯುನಿಸ್ಟ್ ಆಡಳಿತದಲ್ಲಿ ಬದುಕಿದ್ದ ಪೂರ್ವದವರಲ್ಲಿ ಜಾಸ್ತಿಯೇ ಉಳಿದಿತ್ತು. ಈ ವ್ಯತ್ಯಾಸ ಅಳಿಯಲು ಒಂದೆರಡು ತಲೆಮಾರು ಬೇಕು ಎಂದು 2007ರ ಅಧ್ಯಯನವೊಂದು ಅಂದಾಜು ಮಾಡಿತು. ಬರ್ಲಿನ್ ಗೋಡೆ ಒಡೆಯಲು ಅಷ್ಟು ಕಾಲ ಬೇಕಾಗಿರಲಿಲ್ಲ.

ಒಬ್ಬೊಬ್ಬರೊಳಗೆ

ಖಿನ್ನತೆಯ ಚಿಕಿತ್ಸೆಯಲ್ಲಿ ಅಮೆರಿಕದ ಮನೋವೈದ್ಯ ಏರನ್ ಬೆಕ್ 1960ರ ದಶಕದಿಂದ ತೋರಿಸಿದ್ದೂ ಇದನ್ನೇ. ‘ನಾನು ಕೆಲಸಕ್ಕೆ ಬಾರದವನು’ ಎಂದು ಒಳಗೆ ನಂಬಿದವನಿಗೆ ಹೊಗಳಿಕೆ ಕರುಣೆಯಂತೆ ಕೇಳಿಸುತ್ತದೆ, ಗೆಲುವು ಅದೃಷ್ಟದಂತೆ ಕಾಣುತ್ತದೆ. ಅಂಥವರಿಗೆ ‘ಇಲ್ಲ, ನೀವು ಒಳ್ಳೆಯವರು’ ಎಂದು ವಾದ ಮಾಡಿ ಗೆಲ್ಲಲಾಗದು. ಬೆಕ್ ಅವರ ಚಿಕಿತ್ಸೆಯಲ್ಲಿ ರೋಗಿಯೇ ತನ್ನ ನಂಬಿಕೆಯನ್ನು ಸಣ್ಣ ಸಣ್ಣ ಕೆಲಸಗಳಲ್ಲಿ ಪರೀಕ್ಷಿಸಿ ನೋಡುತ್ತಾನೆ.

ಆದರೆ ‘ನಂಬಿದರೆ ಸಾಕು, ಎಲ್ಲ ಸಾಧ್ಯ’ ಎಂದು ಮಾರುವವರ ಮಾತು ಬೇರೆ. ಬುದ್ಧಿಶಕ್ತಿ ಹುಟ್ಟಿನಿಂದಲೇ ನಿಗದಿಯಲ್ಲ, ಬೆಳೆಯುತ್ತದೆ ಎಂದು ಕಲಿಸುವ ಒಂದು ಸಣ್ಣ ಆನ್‌ಲೈನ್ ಪಾಠವನ್ನು ಅಮೆರಿಕದಲ್ಲಿ 9ನೇ ತರಗತಿಯ ಸುಮಾರು 12 ಸಾವಿರ ಮಕ್ಕಳೊಂದಿಗೆ ಪರೀಕ್ಷಿಸಿದರು. 2019ರಲ್ಲಿ ಫಲಿತಾಂಶ ಬಂತು. ಅಂಕದಲ್ಲಿ ಹಿಂದಿದ್ದ ಮಕ್ಕಳು ಸುಧಾರಿಸಿದ್ದು ನಿಜ, ಆದರೆ ಬರೀ 0.1 ಗ್ರೇಡ್ ಪಾಯಿಂಟಿನಷ್ಟು. ಅದೂ ಕಷ್ಟದ ಪಾಠಕ್ಕೆ ಕೈ ಹಾಕುವುದನ್ನು ಗೆಳೆಯರು ಮೆಚ್ಚುವ ಶಾಲೆಗಳಲ್ಲಿ ಜಾಸ್ತಿ. ಸುತ್ತಲಿನವರು ಒತ್ತಾಸೆ ಕೊಡದಿದ್ದರೆ ಒಬ್ಬಂಟಿ ನಂಬಿಕೆಯ ಕೈಯಲ್ಲಿ ಹೆಚ್ಚೇನೂ ಆಗುವುದಿಲ್ಲ.

ಬದಲಾದದ್ದು ಹೇಗೆ?

ಬದಲಾಗುವುದೇ ಇಲ್ಲವೇನೋ ಎನಿಸಿದ ನಂಬಿಕೆಗಳು ಒಮ್ಮೆಲೇ ಕುಸಿದದ್ದೂ ಇದೆ. ಚೀನಾದಲ್ಲಿ ಹೆಣ್ಣುಮಕ್ಕಳ ಕಾಲು ಕಟ್ಟಿ, ಪಾದ ಬೆಳೆಯದಂತೆ ಮಾಡುವ ಪದ್ಧತಿ ಸುಮಾರು ಸಾವಿರ ವರ್ಷ ನಡೆಯಿತು. ಡಿಂಗ್‌ಶಿಯನ್ ಎಂಬಲ್ಲಿನ ಲೆಕ್ಕದ ಪ್ರಕಾರ 1889ರಲ್ಲಿ ಶೇ 99ರಷ್ಟು ಹೆಣ್ಣುಮಕ್ಕಳ ಪಾದ ಕಟ್ಟಲಾಗಿತ್ತು. 1919ರ ಹೊತ್ತಿಗೆ ಅದು ಸೊನ್ನೆಗೆ ಬಂತು. 30 ವರ್ಷ, ಅಷ್ಟೇ.

ಅದು ನೋವು ಎಂದು ತಾಯಂದಿರಿಗೆ ಮೊದಲೂ ಗೊತ್ತಿತ್ತು. ಸಾವಿರ ವರ್ಷ ಆ ಅಳುವನ್ನು ಕೇಳಿದವರು ಅವರು. ಆದರೆ ಕಟ್ಟದಿದ್ದರೆ ಮದುವೆ ಆಗುವುದಿಲ್ಲ ಎಂಬ ಭಯ ಅದಕ್ಕಿಂತ ದೊಡ್ಡದಿತ್ತು. ಸುಧಾರಕರು ಕುಟುಂಬಗಳನ್ನು ಒಟ್ಟಿಗೆ ಸೇರಿಸಿ ಎರಡು ಪ್ರತಿಜ್ಞೆ ಮಾಡಿಸಿದರು. ಮಗಳ ಪಾದ ಕಟ್ಟುವುದಿಲ್ಲ, ಪಾದ ಕಟ್ಟಿದ ಹುಡುಗಿಯನ್ನು ಮಗನಿಗೆ ತರುವುದಿಲ್ಲ. ಎರಡನೆಯದೇ ಬೀಗದ ಕೈ. ಒಬ್ಬ ತಾಯಿ ಒಂಟಿಯಾಗಿ ನಿಲ್ಲಿಸಿದ್ದರೆ ಮಗಳಿಗೆ ಶಿಕ್ಷೆ, ನೂರು ಮನೆಗಳು ಒಟ್ಟಿಗೆ ನಿಲ್ಲಿಸಿದರೆ ಯಾರಿಗೂ ನಷ್ಟವಿಲ್ಲ.

ಎಷ್ಟೋ ಸಲ ನಂಬಿಕೆ ಒಳಗೊಳಗೇ ಸತ್ತಿರುತ್ತದೆ, ಹೊರಗೆ ಯಾರಿಗೂ ಗೊತ್ತಿರುವುದಿಲ್ಲ. 2020ರಲ್ಲಿ ಪ್ರಕಟವಾದ ಸೌದಿ ಅರೇಬಿಯಾದ ಅಧ್ಯಯನದಲ್ಲಿ, ಹೆಂಡತಿ ಹೊರಗೆ ದುಡಿಯಬಹುದು ಎಂದು ಬಹುಪಾಲು ಯುವ ಗಂಡಂದಿರು ಖಾಸಗಿಯಾಗಿ ಒಪ್ಪಿದರು. ಆದರೆ ಬೇರೆ ಗಂಡಸರು ಒಪ್ಪುವುದಿಲ್ಲ ಎಂದುಕೊಂಡಿದ್ದರು. ನಿಜವಾದ ಲೆಕ್ಕ ತಿಳಿಸಿದ ಮೇಲೆ, ಕೆಲವು ತಿಂಗಳಲ್ಲಿ ಅವರ ಹೆಂಡತಿಯರಲ್ಲಿ ಕೆಲಸಕ್ಕೆ ಅರ್ಜಿ ಹಾಕಿದವರು ಹೆಚ್ಚಾದರು. ಇಲ್ಲಿ ಮಾಹಿತಿ ಕೆಲಸ ಮಾಡಿತು ನೋಡಿ. ಆದರೆ ಅದು ಲೋಕದ ಬಗ್ಗೆ ಕೊಟ್ಟ ಮಾಹಿತಿಯಲ್ಲ, ತಮ್ಮವರ ಬಗ್ಗೆ ಕೊಟ್ಟದ್ದು.

ಐರ್ಲೆಂಡಿನಲ್ಲಿ 1983ರಲ್ಲಿ ಗರ್ಭಪಾತ ನಿಷೇಧವನ್ನು ಸಂವಿಧಾನಕ್ಕೆ ಸೇರಿಸಲು ಶೇ 66.9ರಷ್ಟು ಮತದಾರರು ಒಪ್ಪಿದರು. 2018ರಲ್ಲಿ ಅದನ್ನು ಕಿತ್ತುಹಾಕಲು ಶೇ 66.4ರಷ್ಟು ಮತದಾರರು ಒಪ್ಪಿದರು. ನಡುವೆ ಚರ್ಚ್ ಸಂಸ್ಥೆಗಳಲ್ಲಿ ಮಕ್ಕಳ ಮೇಲೆ ನಡೆದ ದೌರ್ಜನ್ಯಗಳು ಬಯಲಾದವು. 2012ರಲ್ಲಿ ಗರ್ಭಪಾತ ನಿರಾಕರಿಸಲ್ಪಟ್ಟ ಯುವ ದಂತವೈದ್ಯೆಯೊಬ್ಬರು ಆಸ್ಪತ್ರೆಯಲ್ಲೇ ಸತ್ತರು. ಹಿಂದೆ ಯಾರಿಗೂ ಹೇಳದ ಹೆಂಗಸರು ತಮ್ಮ ಕಥೆ ಹೇಳತೊಡಗಿದರು. ಯಾರ ಮಾತು ಕೇಳಬೇಕು ಎಂಬ ಮೂರನೇ ಪದರ ಮೊದಲು ಅಲುಗಿತು, ಕಾನೂನು ಅದರ ಹಿಂದೆ ಬಂತು.

ಮುಂದೇನು?

ದಡಾರ ಹರಡದಂತೆ ತಡೆಯಲು ಸುಮಾರು ಶೇ 95ರಷ್ಟು ಜನರಿಗೆ ರಕ್ಷಣೆ ಇರಬೇಕು. ರಕ್ಷಣೆಯೇ ಇಲ್ಲದವರ ನಡುವೆ ಒಬ್ಬ ರೋಗಿಯಿಂದ 12ರಿಂದ 18 ಜನರಿಗೆ ತಗುಲಬಲ್ಲ ರೋಗ ಅದು. ದೇಶದ ಸರಾಸರಿ ನೋಡಿ ಸಮಾಧಾನ ಪಡುವಂತಿಲ್ಲ. ಅಪನಂಬಿಕೆ ಎಲ್ಲ ಕಡೆ ಸಮನಾಗಿ ಇರುವುದಿಲ್ಲ, ಒಂದೇ ಚರ್ಚಿಗೆ, ಒಂದೇ ಶಾಲೆಗೆ ಹೋಗುವವರ ನಡುವೆ ಗುಂಪುಗೂಡಿರುತ್ತದೆ. ವೈರಸ್ಸಿಗೆ ಬೇಕಾಗಿರುವುದೂ ಅಂಥ ಗುಂಪೇ. ಲಸಿಕೆ ಕಡ್ಡಾಯ ಮಾಡಿದರೆ ಡೋಸ್‌ಗಳ ಸಂಖ್ಯೆ ಏರುತ್ತದೆ, ಹಲವು ದೇಶಗಳಲ್ಲಿ ಏರಿದೆ. ಆದರೆ ಮೂರನೇ ಪದರದಲ್ಲಿ ಕೋಪ ಇದ್ದವರಿಗೆ ಆ ಕೋಪಕ್ಕೆ ಇನ್ನೊಂದು ಕಾರಣವೂ ಸಿಗುತ್ತದೆ. ಎರಡನ್ನೂ ತೂಗಿ ನೋಡದೆ ಹೊರಡುವ ಸರ್ಕಾರ ಮುಂದಿನ ರೋಗ ಬಂದಾಗ ಕಷ್ಟಪಡುತ್ತದೆ.

ನೈಜೀರಿಯಾದ ಕಾನೊ ಇದಕ್ಕೆ ಒಳ್ಳೆಯ ಪಾಠ. 2003ರಲ್ಲಿ ಅಲ್ಲಿ ಪೋಲಿಯೊ ಲಸಿಕೆಯನ್ನು ನಿಲ್ಲಿಸಿದರು. ಮಕ್ಕಳಾಗದಂತೆ ಮಾಡುವ ಸಂಚು ಎಂಬ ಸುದ್ದಿ ಹಬ್ಬಿತ್ತು. ಸುದ್ದಿ ಸುಳ್ಳು. ಆದರೆ 1996ರಲ್ಲಿ ಅದೇ ಕಾನೊದಲ್ಲಿ ಮೆನಿಂಜೈಟಿಸ್ (ಮಿದುಳಿನ ಪೊರೆಯ ಉರಿಯೂತ) ಹರಡಿದಾಗ ವಿದೇಶಿ ಔಷಧ ಕಂಪನಿಯೊಂದು 200 ಮಕ್ಕಳ ಮೇಲೆ ಪರೀಕ್ಷೆ ನಡೆಸಿತ್ತು. 11 ಮಕ್ಕಳು ಸತ್ತರು. ತಮ್ಮ ಒಪ್ಪಿಗೆ ಪಡೆದಿರಲಿಲ್ಲ ಎಂದು ಕುಟುಂಬಗಳು ಕೋರ್ಟಿಗೆ ಹೋದವು, ಕಂಪನಿ ಆರೋಪ ನಿರಾಕರಿಸಿತು. ಇಂಥ ನೆನಪಿರುವ ಜನರನ್ನು ಮೂಢರು ಎನ್ನುವುದು ಅನ್ಯಾಯ. 2004ರಲ್ಲಿ ಸಂಪ್ರದಾಯದ ಮುಖಂಡರನ್ನು ಮಾತಿಗೆ ಕೂರಿಸಿ, ಕಾನೊದಂತೆಯೇ ಮುಸ್ಲಿಮರು ಹೆಚ್ಚಿರುವ ಇಂಡೋನೇಷ್ಯಾದಲ್ಲಿ ತಯಾರಾದ ಲಸಿಕೆ ತರಿಸಿದ ಮೇಲೆ ಅಭಿಯಾನ ಮತ್ತೆ ಶುರುವಾಯಿತು. ಅಷ್ಟರಲ್ಲಿ ವೈರಸ್ ಅಲ್ಲಿಂದ ಅನೇಕ ದೇಶಗಳಿಗೆ ಹೋಗಿತ್ತು. ಆಫ್ರಿಕಾ ಕಾಡು ಪೋಲಿಯೊ (ಲಸಿಕೆಯ ವೈರಸ್ಸಿನಿಂದ ಬಂದದ್ದಲ್ಲದ, ನೈಸರ್ಗಿಕ ಪೋಲಿಯೊ) ವೈರಸ್ಸಿನಿಂದ ಮುಕ್ತ ಎಂದು ಘೋಷಣೆಯಾದದ್ದು 2020ರ ಆಗಸ್ಟ್‌ನಲ್ಲಿ.

ಪಾಕಿಸ್ತಾನದಲ್ಲಿ ಆದದ್ದು ಇದಕ್ಕೆ ತದ್ವಿರುದ್ಧ. 2011ರಲ್ಲಿ ಒಸಾಮ ಬಿನ್ ಲಾಡೆನ್ ಇರುವ ಜಾಗ ಪತ್ತೆ ಮಾಡಲು ಅಮೆರಿಕದ ಗುಪ್ತಚರ ಸಂಸ್ಥೆ ಅಬೊಟ್ಟಾಬಾದ್‌ನಲ್ಲಿ ಲಸಿಕೆ ಅಭಿಯಾನದ ವೇಷ ಹಾಕಿತು. ವಿಷಯ ಹೊರಬಂತು. ‘ಲಸಿಕೆಯವರು ಗೂಢಚಾರರು’ ಎಂಬ ಮಾತಿಗೆ ಸಾಕ್ಷಿ ಸಿಕ್ಕಂತಾಯಿತು. ಲಸಿಕೆ ಹಾಕಿಸಿಕೊಳ್ಳುವ ಮಕ್ಕಳ ಸಂಖ್ಯೆ ಕುಸಿಯಿತು. ಮನೆ ಮನೆಗೆ ಹೋಗುವ ಪೋಲಿಯೊ ಕಾರ್ಯಕರ್ತರನ್ನು ಗುಂಡಿಟ್ಟು ಕೊಂದರು, ಅವರಲ್ಲಿ ಹೆಂಗಸರೇ ಹಲವರು. ಲಸಿಕೆ ಅಭಿಯಾನವನ್ನು ಇನ್ನು ಮುಂದೆ ಹಾಗೆ ಬಳಸುವುದಿಲ್ಲ ಎಂದು ಅಮೆರಿಕ 2014ರಲ್ಲಿ ಹೇಳಿತು. ಕಾಡು ಪೋಲಿಯೊ ಇನ್ನೂ ನೆಲೆಯಾಗಿ ಉಳಿದಿರುವುದು ಎರಡೇ ದೇಶಗಳಲ್ಲಿ, ಪಾಕಿಸ್ತಾನ ಮತ್ತು ಅಫ್ಗಾನಿಸ್ತಾನ. ಅದಕ್ಕೆ ಯುದ್ಧ, ಬಡತನ ಎಲ್ಲವೂ ಕಾರಣ. ಆದರೆ 2011ರ ಆಸುಪಾಸಿನಲ್ಲಿ ಲಸಿಕೆ ತಪ್ಪಿದ ಕೂಸುಗಳು ಇನ್ನು ಹತ್ತು ವರ್ಷದೊಳಗೆ ತಾವೇ ತಂದೆ-ತಾಯಿ ಆಗುತ್ತಾರೆ. ತಮ್ಮ ಮಕ್ಕಳಿಗೆ ಹಾಕಿಸಬೇಕೋ ಬೇಡವೋ ಎಂದು ಅವರು ತೀರ್ಮಾನಿಸುವುದು ಕರಪತ್ರ ಓದಿ ಅಲ್ಲ, ಮನೆಯಲ್ಲಿ ಕೇಳಿ ಬೆಳೆದ ಮಾತಿನ ಮೇಲೆ.